ಗೆರೆಯ ಕೆಳಗಿನ ಮಾತು

ಪ್ರಮೋದಿನಿ ಕಟಗಿ ಆ ಮೂರು ಪೋಸ್ಟುಗಳನ್ನು ಹಾಕಿದಾಗ ಪೂರ್ತಿ ಸ್ವಸ್ಥಳಾಗಿದ್ದಳೆಂದು ನ್ಯಾಯಾಲಯಕ್ಕೆ ತಿಳಿಸಿದ್ದು ಅವಳ ಎದೆಯ ಚರ್ಮದ ಕೆಳಗಿದ್ದ ಯಂತ್ರ.

ಸರಕಾರಿ ವಕೀಲರು ಗೋಡೆಯ ಪರದೆಯ ಮೇಲೆ ನಕ್ಷೆಯೊಂದನ್ನು ತೋರಿಸಿದರು. ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಹಸಿರು ಪಟ್ಟಿ. ಪಟ್ಟಿಯೊಳಗೆ ತೆಳುವಾದ ಕಪ್ಪು ಎಳೆಯೊಂದು ಹೆಚ್ಚು ಅಲುಗಾಡದೆ ಎಡದಿಂದ ಬಲಕ್ಕೆ ಹರಿದಿತ್ತು. ಅದು ಪ್ರಮೋದಿನಿಯ ಆ ಮಧ್ಯಾಹ್ನದ ಮನಸ್ಸು. ಎಳೆಯ ಮೇಲೆ ಮೂರು ಕೆಂಪು ಚುಕ್ಕೆಗಳಿದ್ದವು. ಮೂರೂ ಹಸಿರಿನೊಳಗೇ ಇದ್ದವು.

“ಆರೋಪಿಗೆ ಕಾಯಿಲೆ ಇದೆ ಅನ್ನೋದನ್ನ ನಾವು ಅಲ್ಲಗಳೆಯೋದಿಲ್ಲ, ಮಹಾಸ್ವಾಮಿ,” ಎಂದರು ವಕೀಲರು. “ಆದರೆ ಆ ಹೊತ್ತಿಗೆ ಅದು ಮೈಮೇಲೆ ಇರಲಿಲ್ಲ. ಚಿತ್ತಮುದ್ರೆ ಸ್ಪಷ್ಟವಾಗಿದೆ. ಇದು ಅವರದೇ ಮಾತು.”

ಆಮೇಲೆ ಎರಡನೆಯ ನಕ್ಷೆ ಬಂತು. ಇದರಲ್ಲಿ ಎಳೆ ಕೆಳಗಿನ ಗೆರೆಯನ್ನು ದಾಟಿ ಆಳಕ್ಕೆ ಇಳಿದಿತ್ತು. ಆ ತಗ್ಗಿನಲ್ಲಿ ಒಂದೇ ಒಂದು ಚುಕ್ಕೆ.

“ಇದು ಕೆಲವು ದಿನಗಳ ನಂತರ ಆರೋಪಿ ಬರೆದ ಕ್ಷಮಾಪಣೆ. ಗೆರೆಯ ಕೆಳಗಿದ್ದಾಗ ಬರೆದದ್ದು. ಕಾನೂನಿನ ಪ್ರಕಾರ ಇದು ಅವರ ಮಾತಲ್ಲ. ಇದನ್ನು ಪರಿಗಣಿಸಬಾರದು.”

ಕಟಕಟೆಯಲ್ಲಿ ನಿಂತಿದ್ದ ಪ್ರಮೋದಿನಿಗೆ ತಾನು ಕೇಳಿದ್ದು ತಿರುವುಮುರುವಾಗಿದೆ ಎನ್ನಿಸಿತು. ಊರನ್ನು ಒಬ್ಬ ಮನುಷ್ಯನ ಮೇಲೆ ಛೂ ಬಿಟ್ಟ ಮಾತು ತನ್ನದು. ತಪ್ಪಾಯಿತು ಅಂದ ಮಾತು ತನ್ನದಲ್ಲ. ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಕುತ್ತಿಗೆಯ ಎಡಬದಿಯಲ್ಲಿ ಸಣ್ಣಗೆ ಇರುವೆ ಹರಿದಂತಾಯಿತು, ಅಷ್ಟೆ. ಯಂತ್ರ ತನ್ನ ಕೆಲಸ ಮಾಡುತ್ತಿತ್ತು.

ನ್ಯಾಯಾಧೀಶೆ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ನೋಡಮ್ಮ, ನೊಂದವರು ಒಪ್ಪಿದರೆ ಇದನ್ನ ರಾಜಿಯಲ್ಲಿ ಮುಗಿಸೋದಕ್ಕೆ ಅವಕಾಶ ಇದೆ. ಆದರೆ ಕ್ಷಮೆ ಕೇಳೋದು ಪಟ್ಟಿಯೊಳಗೆ ಇದ್ದಾಗ ಕೇಳಬೇಕು. ಅದರ ಮೇಲೆ ಮುದ್ರೆ ಬೀಳಬೇಕು. ಅವರಿಗೆ ಅದು ಒಪ್ಪಿಗೆ ಆಗಬೇಕು.” ಮುಂದಿನ ತಾರೀಖು ಕೊಟ್ಟು ಬೇರೆ ಪ್ರಕರಣ ಕರೆದರು.

ಆ ಯಂತ್ರಕ್ಕೆ ಲಯಕ ಎಂದು ಹೆಸರು. ಹುಣಸೆಬೀಜಕ್ಕಿಂತ ತುಸು ದೊಡ್ಡದು. ಎಡ ಕಾಲರ್ ಮೂಳೆಯ ಕೆಳಗೆ ಕೂತು, ಕೂದಲಿನಷ್ಟು ಸಪೂರದ ತಂತಿಯೊಂದನ್ನು ಕುತ್ತಿಗೆಯ ನರಕ್ಕೆ ಚಾಚಿರುತ್ತದೆ. ಎದೆಬಡಿತ, ಉಸಿರು, ನಿದ್ದೆ, ಮಾತಿನ ವೇಗ, ಬೆರಳುಗಳ ಚಡಪಡಿಕೆ ಇವನ್ನೆಲ್ಲ ಓದಿ, ಮನಸ್ಸು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ತೀರಾ ಮೇಲೇರಿದರೆ ನರಕ್ಕೊಂದು ಮಿಡಿತ ಕೊಟ್ಟು ಇಳಿಸುತ್ತದೆ, ತೀರಾ ಕುಸಿದರೆ ಎತ್ತುತ್ತದೆ. ಹಗಲಿಡೀ ಊರು ಸುತ್ತಿ, ನಿದ್ದೆಯಿಲ್ಲದೆ, ತಾನೇ ಜಗತ್ತನ್ನು ನಡೆಸುತ್ತಿದ್ದೇನೆಂದು ನಂಬಿ, ಆಮೇಲೆ ತಿಂಗಳುಗಟ್ಟಲೆ ಹಾಸಿಗೆಯಿಂದ ಏಳಲಾಗದೆ ಬದುಕಿದ್ದ ಪ್ರಮೋದಿನಿಯಂಥವರಿಗೆ ಅದು ಮರುಹುಟ್ಟು. ಮಾತ್ರೆಗಳು ನಿಲ್ಲಲಿಲ್ಲ, ಕಡಿಮೆಯಾದವು. ಲಯಕ ಬಂದ ಮೇಲೆಯೇ ಅವಳಿಗೆ ನಗರ ಸಾರಿಗೆಯ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಸಿಕ್ಕಿದ್ದು. ಯಾವ ಬಸ್ಸು ಎಲ್ಲಿ ಸಿಕ್ಕಿಕೊಂಡಿದೆ, ಯಾವುದನ್ನು ಉಣಕಲ್ ಕಡೆಗೆ ತಿರುಗಿಸಬೇಕು ಎಂದು ಪರದೆ ನೋಡಿ ಹೇಳುವ ಕೆಲಸ. ನಿಲ್ದಾಣಗಳಲ್ಲಿ ಕೇಳುತ್ತಿದ್ದ ಸಮಾಧಾನದ ದನಿ ಅವಳದೇ ಆಗಿತ್ತು. ಅಲ್ಲಿ ದನಿ ನಡುಗಬಾರದು ಎಂದು ಅವಳೇ ಡಾಕ್ಟರಿಗೆ ಹೇಳಿ, ಎಳೆ ಪಟ್ಟಿಯ ನಡುವಿನಿಂದ ಕದಲದಂತೆ ಲಯಕವನ್ನು ಬಿಗಿ ಮಾಡಿಸಿಕೊಂಡಿದ್ದಳು.

ಚಿತ್ತಮುದ್ರೆಯ ಕಾನೂನು ಬಂದದ್ದು ಆಮೇಲೆ. ಅದಕ್ಕೂ ಮೊದಲು ಕಾಯಿಲೆಯ ಏರಿನಲ್ಲಿ ಏನೇನೋ ಬರೆದು ಹಾಕಿದವರನ್ನು ಪೊಲೀಸರು ಹಿಡಿದೊಯ್ಯುತ್ತಿದ್ದರು. ಅದರ ವಿರುದ್ಧ ರೋಗಿಗಳೇ ಬೀದಿಗಿಳಿದರು. ಲಯಕ ಧರಿಸಿದವರು ಏನೇ ಬರೆದರೂ ಆ ಹೊತ್ತಿನ ಮನಸ್ಸಿನ ಮುದ್ರೆ ಅದಕ್ಕೆ ಬೀಳಲಿ, ಪಟ್ಟಿಯಾಚೆ ಬರೆದದ್ದಕ್ಕೆ ಶಿಕ್ಷೆ ಬೇಡ ಎಂದು ಕೇಳಿದರು, ಗೆದ್ದರು. ಪಟ್ಟಿಯಾಚೆಯ ಬರಹವನ್ನು ಜಾಲತಾಣ ತಾನಾಗಿಯೇ ಮುಚ್ಚಿಬಿಡುತ್ತಿತ್ತು. ಯಾರಿಗೂ ಕಾಣದು, ಯಾರಿಗೂ ನೋವಿಲ್ಲ. ಮೆರವಣಿಗೆಯಲ್ಲಿ ಪ್ರಮೋದಿನಿಯೂ ಫಲಕ ಹಿಡಿದು ನಡೆದಿದ್ದಳು. ನೆಟ್ಟಗಿದ್ದ ಮನುಷ್ಯನೇ ಕ್ರೂರವಾಗಿ ಮಾತಾಡಿದರೆ, ಕುಸಿದಾಗ ಒಳ್ಳೆಯ ಮಾತಾಡಿದರೆ ಏನು ಮಾಡುವುದು ಎಂದು ಆವತ್ತು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

ನಡೆದದ್ದು ಇಷ್ಟು. ಅವಳ ತಾಯಿ ನೀಲವ್ವ ಒಂದು ಸಂಜೆ ಬಚ್ಚಲಿನ ಬಾಗಿಲಲ್ಲಿ ಕುಸಿದುಬಿದ್ದು ತೀರಿಕೊಂಡರು. ಮನೆಯಲ್ಲಿ ಇದ್ದವರು ಅವರಿಬ್ಬರೇ. ಮಣ್ಣು ಆಯಿತು, ಬಂದ ನೆಂಟರು ಹೋದರು. ಪ್ರಮೋದಿನಿ ಅಳಲಿಲ್ಲ. ಎಷ್ಟು ಗಟ್ಟಿ ಹೆಣ್ಣುಮಗಳು ಎಂದು ಎಲ್ಲರೂ ಹೊಗಳಿದರು. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಅವಳು ಅನ್ನ ಸಾರು ಉಂಡು, ಕೈ ತೊಳೆದು, ಅವ್ವನ ತಲೆದಿಂಬಿನ ಪಕ್ಕದ ಡಬ್ಬಿ ತೆರೆದಳು. ರಕ್ತದೊತ್ತಡದ ಮಾತ್ರೆಯ ಹಾಳೆಯ ಮೇಲೆ ಎಂದಿನ ಹೆಸರಿರಲಿಲ್ಲ, ಬೇರೇನೋ ಹೆಸರಿತ್ತು. ಓಣಿಯ ತುದಿಯ ಔಷಧಿ ಅಂಗಡಿಯ ಧೀರೇಂದ್ರ ಗಲಗಲಿಯವರು ಕೊಟ್ಟದ್ದು.

ಯಾರನ್ನಾದರೂ ಕೇಳಬಹುದಿತ್ತು. ಅವಳು ಕೇಳಲಿಲ್ಲ. ಗಲಗಲಿಯವರ ಫೋಟೋ ಹುಡುಕಿ, ‘ನನ್ನ ತಾಯಿಯನ್ನು ಕೊಂದವನು ಇವನು’ ಎಂದು ಬರೆದಳು. ಎರಡನೆಯದರಲ್ಲಿ ಅಂಗಡಿಯ ವಿಳಾಸ ಹಾಕಿದಳು. ಮೂರನೆಯದರಲ್ಲಿ, ‘ಇವನು ಇವತ್ತೂ ಅಂಗಡಿ ತೆಗೆದು ಕೂತಿದ್ದಾನೆ. ಈ ಊರಲ್ಲಿ ಕೇಳುವವರು ಯಾರೂ ಇಲ್ಲವೆ?’ ಎಂದಳು. ಕೈ ನಡುಗಲಿಲ್ಲ. ಕಾಗುಣಿತದ ತಪ್ಪು ಕೂಡ ಇರಲಿಲ್ಲ.

ಮರುದಿನ ಕೇಳುವವರು ಬಂದರು. ಎಲ್ಲೆಲ್ಲಿಂದಲೋ ಬೈಕಿನಲ್ಲಿ ಬಂದ ಹುಡುಗರು ಅಂಗಡಿಯ ಮೇಲೆ ಕಲ್ಲು ತೂರಿದರು. ಗಾಜಿನ ಕಪಾಟು ಒಡೆದು, ಚೂರೊಂದು ಗಲಗಲಿಯವರ ಬಲಗಣ್ಣಿಗೆ ಹೊಕ್ಕಿತು. ಕಣ್ಣು ಉಳಿಯಲಿಲ್ಲ. ಆಮೇಲೆ ನಡೆದ ತನಿಖೆಯಲ್ಲಿ ತಿಳಿದದ್ದು: ಮಾತ್ರೆ ಅದೇ ಮಾತ್ರೆ, ಕಂಪನಿಯ ಹೆಸರಷ್ಟೇ ಬೇರೆ. ನೀಲವ್ವ ಸತ್ತದ್ದು ಮಿದುಳಿನಲ್ಲಿ ರಕ್ತನಾಳ ಒಡೆದು.

ಆ ಸುದ್ದಿ ಕೇಳಿದ ದಿನ ಪ್ರಮೋದಿನಿ ಕುಸಿಯತೊಡಗಿದಳು. ಲಯಕ ಎತ್ತಲು ನೋಡಿತು, ಆದರೆ ಒಂದು ಮಿತಿಗಿಂತ ಹೆಚ್ಚು ಮಿಡಿತ ಕೊಡಲು ಅದಕ್ಕೆ ಅನುಮತಿ ಇಲ್ಲ. ಎಳೆ ಗೆರೆ ದಾಟಿತು. ನೀರಿನ ಲೋಟ ಎತ್ತಲೂ ಆಗದ ಆ ಸ್ಥಿತಿಯಲ್ಲಿ ಅವಳು ಗಲಗಲಿಯವರಿಗೆ ಬರೆದಳು. ಬರೆದದ್ದು ಬರೆದ ಕ್ಷಣದಲ್ಲೇ ಮುಚ್ಚಿಹೋಯಿತು. ಆಸ್ಪತ್ರೆಯವರು ಬಂದು ಅವಳನ್ನು ಕರೆದೊಯ್ದರು. ಅಲ್ಲಿಂದ ಬಿಡುಗಡೆಯಾಗಿ ಬಾಗಿಲಿಗೆ ಬಂದಾಗ ಪೊಲೀಸರು ನಿಂತಿದ್ದರು.

ಜಾಮೀನಿನ ಮೇಲೆ ಇದ್ದವಳಿಗೆ ಈಗ ಮನೆಯೇ ಪ್ರಪಂಚ. ಕೆಲಸದಿಂದ ಅಮಾನತು. ಫೋನಿನಲ್ಲಿ ಮಾತಾಡಬಹುದು, ಏನನ್ನೂ ಬರೆಯುವಂತಿಲ್ಲ. ಬರೆದರೆ ತಾನೇ ಮಂದಿ ಉತ್ತರ ಬರೆಯುವುದು? ಬರೆಯದವಳನ್ನು ಮಂದಿ ಬೇಗ ಮರೆತರು. ಜೊತೆಗೆ ಕೆಲಸ ಮಾಡಿದವರು ಮೊದಮೊದಲು ಫೋನ್ ಮಾಡುತ್ತಿದ್ದರು. ಆಮೇಲೆ ಅವರ ದನಿಯಲ್ಲಿ ಒಂದು ಎಚ್ಚರ ಸೇರಿತು, ಈ ಮಾತೂ ಎಲ್ಲೋ ದಾಖಲಾಗುತ್ತಿದೆಯೇನೋ ಎಂಬಂತೆ. ಆಮೇಲೆ ಕರೆಗಳು ನಿಂತವು.

ಅವಳು ಬಾಲ್ಕನಿಯಲ್ಲಿ ನಿಂತು ಗೋಕುಲ ರಸ್ತೆಯ ಬಸ್ಸುಗಳನ್ನು ನೋಡುತ್ತಿದ್ದಳು. ಎರಡು ಬಸ್ಸು ಬಾಲಕ್ಕೆ ಬಾಲ ಹಚ್ಚಿಕೊಂಡು ಬಂದರೆ ನಿಯಂತ್ರಣ ಕೊಠಡಿಯಲ್ಲಿ ಯಾರೋ ಹೊಸಬರು ಕೂತಿದ್ದಾರೆ ಎಂದುಕೊಳ್ಳುತ್ತಿದ್ದಳು. ಒಬ್ಬಳಿಗೆ ಅಡುಗೆ ಮಾಡುವ ಅಳತೆ ಅವಳಿಗೆ ಇನ್ನೂ ಕೂಡಿಬಂದಿರಲಿಲ್ಲ. ಉಳಿದ ಅನ್ನವನ್ನು ಸಂಜೆ ಚಿತ್ರಾನ್ನ ಮಾಡಿ, ಅದನ್ನೂ ಉಳಿಸುತ್ತಿದ್ದಳು. ಲಿಫ್ಟಿನಲ್ಲಿ ಎದುರುಮನೆಯ ಹೆಂಗಸು ಸಿಕ್ಕರೆ ಇಬ್ಬರೂ ಬಾಗಿಲಿನ ಮೇಲೆ ಬದಲಾಗುವ ಅಂಕಿಗಳನ್ನೇ ನೋಡುತ್ತ ನಿಲ್ಲುತ್ತಿದ್ದರು. ಕೆಲವು ಸಲ ಇಡೀ ದಿನ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಲಯಕದ ಪ್ರಕಾರ ಅವೆಲ್ಲ ಒಳ್ಳೆಯ ದಿನಗಳು.

ಗದಗದಿಂದ ಅಣ್ಣ ಬಸಲಿಂಗ ಮಾತ್ರ ಫೋನ್ ಮಾಡುತ್ತಿದ್ದ.

“ಪಮ್ಮೀ, ಯಲಿಗಾರ ವಕೀಲರ ಕೂಡ ಮಾತಾಡೇನಿ. ಯಂತ್ರ ಕೆಟ್ಟಿತ್ತು ಅಂತ ಅರ್ಜಿ ಹಾಕೂಣು. ಆವತ್ತ ನಿನಗ ತಲಿ ಸರಿ ಇದ್ದಿಲ್ಲ ಅಂತ ಒಂದು ಮಾತು ಹೇಳಿಬಿಡು. ಮುಗದ ಹೋತು.”

“ಸರಿ ಇತ್ತಲ್ಲಣ್ಣ.”

“ಯಾರಿಗೆ ಗೊತ್ತೈತಿ ಅದು?”

“ನನಗ ಗೊತ್ತೈತಿ.”

“ಅವ್ವ ಸತ್ತ ವಾರದಾಗ ಯಾರ ತಲಿ ಸರಿ ಇರತೈತಿ? ನೀ ಸುಮ್ಮ ಜೈಲಿಗೆ ಹೋಗಬ್ಯಾಡ. ಹುಚ್ಚಿ ಅನ್ನಿಸಿಕೊಳ್ಳೂದು ನಿನಗೇನು ಹೊಸಾದಲ್ಲ.”

ಆ ಮಾತು ಆಡಿದ ಮೇಲೆ ಅವನಿಗೇ ಹೇಗೋ ಆಗಿರಬೇಕು. ಊಟ ಆತೇನು ಎಂದು ಕೇಳಿ ಫೋನ್ ಇಟ್ಟ.

ಕ್ಷಮೆಯ ಹೇಳಿಕೆಯನ್ನು ದಾಖಲಿಸಿದ್ದು ಆಸ್ಪತ್ರೆಯ ಲಯ ಪ್ರಯೋಗಾಲಯದಲ್ಲಿ. ಅವಳನ್ನು ಬಹಳ ವರ್ಷಗಳಿಂದ ನೋಡುತ್ತಿದ್ದ ಡಾ. ರುಖಿಯಾ ಕಿತ್ತೂರ ಅಲ್ಲಿದ್ದರು. ಗಾಜಿನ ಆಚೆ ಪರದೆಗಳ ಸಾಲು, ಈಚೆ ಒಂದು ಕುರ್ಚಿ, ಎದುರಿಗೆ ಕ್ಯಾಮೆರಾ. ವಕೀಲ ಯಲಿಗಾರ ಮೂಲೆಯಲ್ಲಿ ಕೂತು ಶುರು ಮಾಡಲು ಕೈಸನ್ನೆ ಮಾಡಿದರು.

“ಶ್ರೀ ಧೀರೇಂದ್ರ ಗಲಗಲಿಯವರೇ, ನಾನು ನಿಮ್ಮ ಮೇಲೆ ಮಾಡಿದ ಆರೋಪ ಸುಳ್ಳು. ಅದರಿಂದ ನಿಮಗಾದ ಹಾನಿಗೆ ನಾನು ಕಾರಣ. ನನ್ನನ್ನು ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ,” ಎಂದಳು ಪ್ರಮೋದಿನಿ.

ಹಸಿರು ದೀಪ ಹತ್ತಿತು. ಮುದ್ರೆ ಬಿತ್ತು. ಯಲಿಗಾರರು ಸಂತೋಷಪಡಲಿಲ್ಲ.

ಆ ದಾಖಲೆ ಗಲಗಲಿಯವರಿಗೆ ಹೋಯಿತು. ಎರಡು ದಿನ ಬಿಟ್ಟು ಉತ್ತರ ಬಂತು. ಯಲಿಗಾರರು ಅದನ್ನು ಫೋನಿನಲ್ಲಿ ಹೇಳಿದರು. “‘ಮುಂದಿನ ನಿಲ್ದಾಣ ಕ್ಷಮೆ ಅಂದಂಗ ಆತು. ಇದನ್ನ ನಾ ಒಪ್ಪೂದಿಲ್ಲ’ ಅಂದಾರ್ರಿ.”

ಆ ಮನುಷ್ಯ ಹೇಳಿದ್ದು ನಿಜ. ಹೇಳಿಕೆ ಕೊಡುವಾಗ ಪ್ರಮೋದಿನಿಗೂ ತನ್ನ ದನಿ ಹಾಗೆಯೇ ಕೇಳಿಸಿತ್ತು. ತಪ್ಪು ಎಂದು ಅವಳಿಗೆ ಗೊತ್ತಿತ್ತು, ರಸ್ತೆಯ ಹೆಸರು ಗೊತ್ತಿರುವ ಹಾಗೆ. ಅದು ಎಲ್ಲೂ ಚುಚ್ಚುತ್ತಿರಲಿಲ್ಲ. ಚುಚ್ಚುವಷ್ಟರಲ್ಲಿ ಕುತ್ತಿಗೆಯಲ್ಲಿ ಇರುವೆ ಹರಿದು ಎಲ್ಲ ಸಮವಾಗುತ್ತಿತ್ತು.

ಮುಂದಿನ ವಾರ ಅವಳೇ ರುಖಿಯಾ ಅವರನ್ನು ಕೇಳಿದಳು. “ಸ್ವಲ್ಪ ಸಡ್ಲ ಮಾಡ್ರಿ ಡಾಕ್ಟ್ರೇ. ನನಗ ಅದು ಮುಟ್ಟಬೇಕು. ಮುಟ್ಟಿದಾಗ ಹೇಳ್ತೀನಿ.”

“ಹೋದ ಸಲ ಕೆಳಗ ಇಳಿದಾಗ ಏನಾಗಿತ್ತು ಅನ್ನೋದು ನೆನಪೈತಿಲ್ಲೋ?”

“ಐತಿ. ಅದಕ್ಕ ನಿಮ್ಮ ಮುಂದ ಕೇಳಾಕತ್ತೇನಿ.”

ರುಖಿಯಾ ಬಹಳ ಹೊತ್ತು ಯೋಚಿಸಿ ಒಪ್ಪಿದರು. ಒಂದು ದಿನ ಆಸ್ಪತ್ರೆಯಲ್ಲೇ ಉಳಿಯಬೇಕು, ನರ್ಸ್ ಪಕ್ಕದಲ್ಲೇ ಇರಬೇಕು, ತಾನು ನಿಲ್ಲಿಸು ಅಂದಾಗ ನಿಲ್ಲಿಸಬೇಕು ಎಂದರು.

ಬೆಳಗಿನ ಬಿಸಿಲು ಕಿಟಕಿಯಲ್ಲಿ ಬಿದ್ದಿತ್ತು. ರುಖಿಯಾ ಮಿಡಿತವನ್ನು ಮೆಲ್ಲಗೆ ತಗ್ಗಿಸುತ್ತ ಬಂದರು. ಪರದೆಯ ಮೇಲೆ ಎಳೆ ಇಳಿಯತೊಡಗಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಕೋಣೆಯ ಬಣ್ಣ ಸ್ವಲ್ಪ ಮಾಸಿದಂತಾಯಿತು. ಆಮೇಲೆ ಗಲಗಲಿಯವರ ಮುಖ ಬಂತು. ಪೇಪರಿನ ಫೋಟೋದ ಮುಖವಲ್ಲ. ಅವ್ವನ ಜೊತೆ ಅಂಗಡಿಗೆ ಹೋದಾಗಲೆಲ್ಲ ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದ ಮುಖ. ಆ ಮುಖದ ಮೇಲೆ ಗಾಜು. ಪ್ರಮೋದಿನಿಯ ಎದೆಯೊಳಗೆ ಏನೋ ಕಿತ್ತು ಬಂತು.

“ಗಲಗಲಿಯವರ... ನಾ ಏನ್ ಮಾಡಿದ್ನಿರೀ... ನಿಮ್ಮ ಕಣ್ಣು...”

ಪರದೆ ಗುಂಯ್ ಎಂದಿತು. ಎಳೆ ಗೆರೆಯನ್ನು ದಾಟಿತ್ತು. ಹಸಿರು ದೀಪ ಆರಿ, ‘ಅನೂರ್ಜಿತ’ ಎಂಬ ಅಕ್ಷರಗಳು ಮೂಡಿದವು.

ಮೂಲೆಯಲ್ಲಿದ್ದ ಯಲಿಗಾರರು ಎದ್ದುನಿಂತರು. “ಹಾಂ, ಇದ ನೋಡ್ರಿ ಬೇಕಾಗಿದ್ದು! ಡಾಕ್ಟ್ರೇ, ಒಂದು ಕೂದಲೆಳಿಯಷ್ಟು ಮ್ಯಾಲ ತರ್ರಿ. ಗೆರಿ ಮ್ಯಾಲ ನಿಲ್ಲಸ್ರಿ. ಮತ್ತೊಮ್ಮೆ ಹೇಳಸೂಣು.”

“ಇಲ್ಲ,” ಎಂದರು ರುಖಿಯಾ. “ಇವರು ನನ್ನ ಪೇಷಂಟು. ದಾರ ಕಟ್ಟಿ ಮೇಲೆ ಕೆಳಗೆ ಆಡಸೋ ಗೊಂಬಿ ಅಲ್ಲ.” ಅವರು ಕುರ್ಚಿಯ ಹತ್ತಿರ ಬಂದು ಬಗ್ಗಿದರು. “ಪ್ರಮೋದಿನಿ, ನೀವು ಹೇಳ್ರಿ. ಏನು ಮಾಡೋಣ?”

ಪ್ರಮೋದಿನಿಯ ಕೆನ್ನೆ ಒದ್ದೆಯಾಗಿತ್ತು. ಆದರೆ ಆ ನೋವಿನ ಹಿಂದೆ ಹಳೆಯ ಕತ್ತಲೆಯೂ ನಿಂತಿರುವುದು ಅವಳಿಗೆ ಕಾಣುತ್ತಿತ್ತು. ಅದು ಅವಳನ್ನು ಹೆಸರು ಹಿಡಿದು ಕರೆಯುತ್ತದೆ. ಅಲ್ಲಿಗೆ ಹೋದವಳು ಕ್ಷಮೆ ಕೇಳುವುದಿಲ್ಲ, ಸುಮ್ಮನೆ ಇಲ್ಲವಾಗಲು ನೋಡುತ್ತಾಳೆ.

“ಮ್ಯಾಲ ತರ್ರಿ,” ಎಂದಳು. “ನಾ ಹಿಂಗ ಕೇಳೂದಿಲ್ಲ.”

ಎಳೆ ಮೇಲೇರಿತು. ಗಲಗಲಿಯವರ ಮುಖ ನಿಧಾನವಾಗಿ ದೂರ ಸರಿಯಿತು. ರುಖಿಯಾ ಅವಳ ಕೈ ಹಿಡಿದು ಕೂತರು. “ಆ ಗೆರೆ ದೇವರು ಹಾಕಿದ್ದಲ್ಲ,” ಎಂದರು ಕೊನೆಗೆ. “ಒಂದು ಸಮಿತಿ ಕೂತು ಹಾಕಿದ್ದು. ನಾನೂ ಅದರಾಗ ಇದ್ದೆ. ಮನಸ್ಸು ಎಷ್ಟು ಏರತೈತಿ, ಎಷ್ಟು ಇಳೀತೈತಿ ಅಷ್ಟನ್ನ ಅಳತಿ ಮಾಡಿದ್ವಿ. ಯಾವುದು ಖರೇ ಅನ್ನೋದನ್ನ ಅಳೆಯೋದು ನಮಗ ಗೊತ್ತಿದ್ದಿಲ್ಲ.”

ಕೊನೆಯ ದಾರಿಯೆಂದು ಯಲಿಗಾರರು ಇಬ್ಬರನ್ನೂ ಎದುರುಬದುರು ಕೂಡಿಸಲು ನ್ಯಾಯಾಲಯದ ಅನುಮತಿ ಪಡೆದರು. ರಾಜಿ ಕೇಂದ್ರದ ಸಣ್ಣ ಕೋಣೆ. ಮೇಜಿನ ಮೇಲೆ ಮುದ್ರೆಯ ಪೆಟ್ಟಿಗೆ, ಅದರ ಪಕ್ಕ ಒಬ್ಬ ಗುಮಾಸ್ತೆ.

ಗಲಗಲಿಯವರು ಹೆಂಡತಿಯ ತೋಳು ಹಿಡಿದು ಬಂದರು. ಬಲಗಣ್ಣಿನ ಜಾಗದಲ್ಲಿ ಕೃತಕ ಕಣ್ಣಿತ್ತು. ಅದು ಪ್ರಮೋದಿನಿಯನ್ನು ನೋಡುತ್ತಿರಲಿಲ್ಲ. ಎಡಗಣ್ಣು ನೋಡುತ್ತಿತ್ತು. ಅವರು ಕೂತು ನೀರು ಕುಡಿದರು.

“ನಿಮ್ಮ ತಾಯಿ ಭಾಳ ವರ್ಷದಿಂದ ನಮ್ಮ ಅಂಗಡಿಗೆ ಬರತಿದ್ರು,” ಎಂದರು ಆಮೇಲೆ. “ಹೋದ್ರು ಅಂತ ಸುದ್ದಿ ಬಂದಾಗ ಮಾತಾಡಿಸಿ ಬರೋಣು ಅಂತ ಇವಳ ಕಡೆ ಅಂದಿದ್ದೆ. ನಾಳೆ ಹೋದರಾತು ಅಂದ್ಲು. ಅಷ್ಟರಾಗ ನೀವು ನನ್ನ ಫೋಟೋ ಹಾಕಿದ್ರಿ.”

ಪ್ರಮೋದಿನಿ ತಲೆ ಎತ್ತಿಯೇ ಕೇಳಿಸಿಕೊಂಡಳು.

“ನನಗ ಒಂದು ಕೇಳಬೇಕಾಗ್ಯದ. ಆ ಯಂತ್ರದ ಕಡೆಯಿಂದ ಬ್ಯಾಡ, ನೀವು ಹೇಳ್ರಿ. ಆ ಮಧ್ಯಾಹ್ನ ನಿಮಗ ಆರಾಮ ಇತ್ತೋ, ಇದ್ದಿದ್ದಿಲ್ಲೋ?”

ಯಲಿಗಾರರು ಕುರ್ಚಿಯಲ್ಲಿ ಮುಂದೆ ಬಾಗಿ ಕೆಮ್ಮಿದರು. ಅವರ ಕೈಚೀಲದಲ್ಲಿ ಬಸಲಿಂಗ ಹೇಳಿದ ಅರ್ಜಿ ಸಿದ್ಧವಾಗಿತ್ತು. ಈಗ ಅವಳು ಆಡುವ ಮಾತಿಗೆ ಮುದ್ರೆ ಬಿದ್ದರೆ ಆ ಅರ್ಜಿ ಕಸಕ್ಕೆ.

“ಆರಾಮ ಇತ್ರಿ,” ಎಂದಳು ಪ್ರಮೋದಿನಿ. “ಉಂಡು, ಕೈ ತೊಳಕೊಂಡು ಬಂದು ಬರದೆ. ಯಾರಿಗಾದರೂ ಕೇಳಬೇಕು ಅಂತ ಒಂದು ಸಲ ಅನ್ನಿಸಿತ್ತು. ಬ್ಯಾಡ ಅಂದ್ಕೊಂಡೆ. ಯಾರರೆ ಒಬ್ಬರು ತಪ್ಪು ಮಾಡಿರಬೇಕು ಅಂತ ನನಗ ಬೇಕಾಗಿತ್ತು. ನೀವು ಹತ್ತಿರ ಇದ್ರಿ.”

ಹಸಿರು ದೀಪ ಹತ್ತಿತು. ಗುಮಾಸ್ತೆ ಏನೋ ಟೈಪಿಸಿದ. ಯಲಿಗಾರರು ಹಣೆಗೆ ಕೈ ಹಚ್ಚಿಕೊಂಡರು.

ಗಲಗಲಿಯವರು ಹೆಂಡತಿಯ ಕಡೆ ತಿರುಗಿದರು. “ಕೇಳಿದ್ಯಾ?” ಎಂದರು. ಅವರ ದನಿ ಒಡೆದಿತ್ತು. ಪ್ರಮೋದಿನಿಯ ಕಡೆ ತಿರುಗಿ ಹೇಳಿದರು: “ಇಷ್ಟು ದಿನಾ ಬಂದವರೆಲ್ಲ ಒಂದ ಮಾತು ಹೇಳ್ಯಾರ. ‘ಹುಚ್ಚಿ ಬರದದ್ದು ರಾಯರ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ.’ ಹುಚ್ಚು ಬರದದ್ದಾದ್ರ ನಾ ಯಾರ ಮ್ಯಾಲೆ ಸಿಟ್ಟಾಗಬೇಕು? ಗಾಳಿ ಮ್ಯಾಲೇನು? ಮನ್ಯಾಗ ಕೂತು ಕೂತು, ನನ್ನ ಕಣ್ಣು ಯಾರೂ ತಗೊಂಡಿಲ್ಲ, ಅದು ತಾನ ಹೋಗ್ಯದ ಅನ್ನೂ ಹಂಗಾಗಿತ್ತು.”

“ನಾ ತಗೊಂಡೇನ್ರಿ,” ಎಂದಳು ಪ್ರಮೋದಿನಿ. ದನಿ ನಡುಗಲಿಲ್ಲ. ನಿಲ್ದಾಣದಲ್ಲಿ ಕೇಳುವ ದನಿಯಂತೆಯೇ ಇತ್ತು. “ಮಾತು ಒಣಗಿದ್ದೈತಿ, ನನಗ ಗೊತ್ತೈತಿ. ನನ್ನ ಹತ್ರ ಈಗ ಇರೋದು ಇಷ್ಟ.”

ಗಲಗಲಿಯವರು ರಾಜಿಗೆ ಸಹಿ ಹಾಕಲಿಲ್ಲ. “ನನಗಾಗೂದಿಲ್ಲ,” ಎಂದರು, ಅಷ್ಟೆ. ಸಿಟ್ಟಿನಿಂದ ಹೇಳಲಿಲ್ಲ. ಹೆಂಡತಿಯ ತೋಳು ಹಿಡಿದು ಎದ್ದು, ಬಾಗಿಲ ಹತ್ತಿರ ಹೋದವರು ನಿಂತು ತಿರುಗಿದರು.

“ನಿಮ್ಮ ತಾಯಿ ಕಡೀ ಸಲ ಬಂದಾಗ ಮಾತ್ರೆ ಹೆಸರು ಬ್ಯಾರೆ ಅದ ಅಂತ ಕೇಳಿದ್ರು. ಬಿಡಿಸಿ ಹೇಳಿದ್ದೆ. ಹಂಗಾರ ನನ್ನ ಮಗಳಿಗೂ ಹೇಳತೀನಿ, ಆಕಿ ಭಾಳ ಗಾಬರಿ ಆಗ್ತಾಳ ಅಂತ ಹೋದ್ರು. ಮರ್ತಿರಬೇಕು.”

ಅವರು ಹೋದ ಮೇಲೂ ಪ್ರಮೋದಿನಿ ಅದೇ ಕುರ್ಚಿಯಲ್ಲಿ ಕೂತಿದ್ದಳು. ಕುತ್ತಿಗೆಯಲ್ಲಿ ಇರುವೆ ಹರಿಯಿತು, ನಿಂತಿತು, ಮತ್ತೆ ಹರಿಯಿತು.

ಎಂಟು ತಿಂಗಳ ಶಿಕ್ಷೆಯಾಯಿತು. ತೀರ್ಪಿನ ದಿನ ಬಸಲಿಂಗ ಬಂದಿದ್ದ. ಅವಳ ತಲೆ ಸವರಿ, ಹೊರಗೆ ಹೋಗಿ ಬೀಡಿ ಸೇದುತ್ತ ನಿಂತ.

ಜೈಲಿಗೆ ಒಪ್ಪಿಸುವ ಮೊದಲು ಲಯಕವನ್ನು ಪರೀಕ್ಷಿಸಿ ಕಳಿಸಬೇಕೆಂಬ ನಿಯಮವಿತ್ತು. ಜೊತೆಗೆ ಬಂದ ಮಹಿಳಾ ಪೇದೆ ಪ್ರಯೋಗಾಲಯದ ಹೊರಗೆ ಕೂತಳು. ರುಖಿಯಾ ಹಳೆಯ ನಕ್ಷೆಗಳನ್ನೆಲ್ಲ ತೆರೆದಿಟ್ಟುಕೊಂಡಿದ್ದರು.

“ಇದನ್ನ ಮೊದಲೇ ನೋಡಬೇಕಾಗಿತ್ತು ನಾನು,” ಎಂದರು. “ಬಸ್ಸಿನ ಕೆಲಸಕ್ಕಂತ ನಿಮ್ಮನ್ನ ನಟ್ಟನಡುವೆ ಬಿಗಿದು ಇಟ್ಟಿದ್ವಿ. ತಾಯಿ ಹೋದ ವಾರನೂ ಎಳಿ ಅಲ್ಲೇ ಐತಿ, ಒಂದಿಷ್ಟೂ ಇಳಿದಿಲ್ಲ. ಆ ವಾರ ಇಳೀಬೇಕಾಗಿತ್ತು. ಪಟ್ಟಿಯ ಕೆಳಗಿನ ಅರ್ಧನೂ ಆರೋಗ್ಯನೇ, ಪ್ರಮೋದಿನಿ. ಗೆರಿ ತನಕ ಹೋಗದಂಗ ಕಾಯ್ತೀನಿ. ಜೈಲಿನ ನರ್ಸಿಗೂ ಹೇಳಿದ್ದೀನಿ, ದಿನಾ ನೋಡ್ತಾರ. ಒಂದಿಷ್ಟು ಸಡಿಲ ಮಾಡ್ಲೇನು?”

“ಕೆಲಸ ಹೋಗೈತಿ,” ಎಂದಳು ಪ್ರಮೋದಿನಿ. “ದನಿ ನಡುಗಿದರ ಯಾರಿಗೇನು. ಮಾಡ್ರಿ.”

ಜೈಲಿನ ಹೆಂಗಸರ ವಿಭಾಗದಲ್ಲಿ ಅವಳನ್ನು ಅಡುಗೆಗೆ ಹಾಕಿದರು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಪಕ್ಕದ ಮಂಚದವಳು ತನ್ನ ಪಾಡಿಗೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ದಿನಗಳು ಮನೆಯಲ್ಲಿ ಕಳೆದಂತೆಯೇ ಇಲ್ಲೂ ಕಳೆಯುತ್ತವೆ ಎಂದು ಅವಳಿಗೆ ಅನ್ನಿಸಿತ್ತು, ಸುತ್ತಲೂ ಮಂದಿ ಇದ್ದಾರೆ ಎಂಬುದೊಂದೇ ವ್ಯತ್ಯಾಸ.

ಒಂದು ಬೆಳಿಗ್ಗೆ ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಪ್ರಮೋದಿನಿಗೆ ರೊಟ್ಟಿ ಸರಿಯಾಗಿ ಬರುತ್ತಿರಲಿಲ್ಲ, ಅಂಚು ಸೀಳುತ್ತಿತ್ತು. ಸೀಳಿದ ಅಂಚಿಗೆ ನೀರು ಹಚ್ಚಿ ಬೆರಳಿನಿಂದ ಕೂಡಿಸುತ್ತಿದ್ದಾಗ, ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಅವ್ವ ಎಂದು ಥಟ್ಟನೆ ಹೊಳೆಯಿತು. ತನಗೆ ಒಂದು ದಿನವೂ ಬಡಿಯಲು ಬಿಟ್ಟಿರಲಿಲ್ಲ. ಮಗಳು ಗಾಬರಿಯಾಗುತ್ತಾಳೆ ಎಂದು ಮಾತ್ರೆಯ ಹೆಸರನ್ನು ಹೇಳಬೇಕೆಂದುಕೊಂಡು ಅಂಗಡಿಯಿಂದ ಮನೆಯ ತನಕ ಅದನ್ನು ಬಾಯಲ್ಲಿ ಇಟ್ಟುಕೊಂಡು ಬಂದ ಅವ್ವ. ಪ್ರಮೋದಿನಿಯ ಕೈ ನಿಂತಿತು. ಕುತ್ತಿಗೆಯಲ್ಲಿ ಏನೂ ಹರಿಯಲಿಲ್ಲ. ಗಂಟಲಿನಿಂದ ಬಂದ ಸದ್ದು ತನ್ನದೆಂದು ಅವಳಿಗೆ ಮೊದಲು ತಿಳಿಯಲೇ ಇಲ್ಲ.

ಪಕ್ಕದಲ್ಲಿ ಕೂತಿದ್ದವಳು ಹುಲಿಗೆವ್ವ, ಕೊಪ್ಪಳದ ಕಡೆಯ ವಯಸ್ಸಾದ ಹೆಂಗಸು. “ಯಾಕ ತಂಗೀ, ಹೊಗಿ ಬಡೀತೇನು?” ಎಂದಳು.

“ಇಲ್ಲ. ನಮ್ಮವ್ವ ಸತ್ತಾಳ.”

ಹುಲಿಗೆವ್ವ ಗಾಬರಿಯಿಂದ ತಿರುಗಿದಳು. “ಅಯ್ಯ ಶಿವನ! ಯಾವಾಗ? ಫೋನ್ ಬಂತೇನು?”

“ಹೋದ ವರ್ಷ.”

ಹುಲಿಗೆವ್ವ ಅವಳ ಮುಖವನ್ನೇ ನೋಡಿದಳು. “ಆವಾಗ ಅತ್ತಿಲ್ಲೇನು?”

ಪ್ರಮೋದಿನಿ ಇಲ್ಲವೆಂದು ತಲೆಯಾಡಿಸಿದಳು.

“ಹಂಗಾರ ಅತ್ತುಬಿಡು,” ಎಂದಳು ಹುಲಿಗೆವ್ವ. “ರೊಟ್ಟಿ ನಾ ಬಡೀತೀನಿ.”

ಅವಳು ಪ್ರಮೋದಿನಿಯ ಮುಂದಿದ್ದ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡು, ಸೀಳಿದ್ದ ರೊಟ್ಟಿಯನ್ನು ಮುದ್ದೆ ಮಾಡಿ, ಮೊದಲಿನಿಂದ ಬಡಿಯತೊಡಗಿದಳು.